ಪೆಟ್ಟಿಗೆ ನಮ್ಮದು, ಆಟ ಯಾರದು?



ಶಿಡ್ಲಘಟ್ಟದ ಸುತ್ತಿನ ಯಾವುದಾದರೂ ರೇಷ್ಮೆ ಬೆಳೆಗಾರರ ಮನೆಗೆ ಹೋಗಿ ನೋಡಿ. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಹುಳು ಸಾಕುವ ಮನೆ ಇರುತ್ತದೆ. ಆ ಮನೆಯನ್ನು ರೈತ ಒಂದು ಸಲ ಕಟ್ಟುತ್ತಾನೆ. ಚಂದ್ರಿಕೆಗಳನ್ನು ಒಂದು ಸಲ ಕೊಂಡರೆ ಹಲವು ವರ್ಷ ಬರುತ್ತವೆ. ಆದರೆ ಮೊಟ್ಟೆಯನ್ನೋ ಚಾಕಿ ಹುಳುವನ್ನೋ ಮಾತ್ರ ಪ್ರತಿ ಬೆಳೆಗೂ ಹೊಸದಾಗಿ ತರಲೇಬೇಕು. ತನ್ನದೇ ಗೂಡಿನಿಂದ ಚಿಟ್ಟೆ ಬರಿಸಿ ಮೊಟ್ಟೆ ಇಡಿಸಿಕೊಂಡರೆ ಆಗದೇ? ಆಗದು. ಎರಡು ತಳಿಗಳನ್ನು ಕೂಡಿಸಿ ಪಡೆದ ಮಿಶ್ರತಳಿಯ ಕಸುವು ಮೊದಲ ಪೀಳಿಗೆಯಲ್ಲಿ ಎದ್ದು ಕಾಣುತ್ತದೆ. ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರಿಹೋಗುತ್ತವೆ. ಮೆಂಡಲನ ಬಟಾಣಿ ಗಿಡಗಳ ಪಾಠ ಓದಿದವರಿಗೆ ಇದು ಹೊಸದಲ್ಲ. ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರು ಹೈಬ್ರಿಡ್ ಬೀಜವನ್ನು ಮತ್ತೆ ಮತ್ತೆ ಅಂಗಡಿಯಿಂದ ತರುವುದಕ್ಕೂ ಇದೇ ಕಾರಣ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ಬಗೆಯ ಖರ್ಚುಗಳಿವೆ. ಒಂದು, ಒಮ್ಮೆ ಮಾಡಿ ಮುಗಿಸುವಂಥದ್ದು. ಇನ್ನೊಂದು, ಮತ್ತೆ ಮತ್ತೆ ಮಾಡಲೇಬೇಕಾದದ್ದು. ಮಾರುವವನ ಸ್ಥಿರವಾದ ಆದಾಯ ಇರುವುದು ಎರಡನೆಯದರಲ್ಲಿ. ಈ ಸರಳ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಜಗತ್ತಿನ ಒಂದು ದೊಡ್ಡ ಉದ್ಯಮದ ಸುಮಾರು ಐವತ್ತು ವರ್ಷಗಳ ಇತಿಹಾಸವನ್ನು ನೀವು ಸುಲಭವಾಗಿ ಅರ್ಥ ಮಾಡಿಕೊಳ್ಳಬಲ್ಲಿರಿ. ಆ ಉದ್ಯಮವೇ ವೀಡಿಯೋ ಗೇಮ್.

ಟಿ.ವಿ.ಗೆ ಜೋಡಿಸಿ ಆಡುವ, ಆಟಕ್ಕೆಂದೇ ಮೀಸಲಾದ ಗಣಕಕ್ಕೆ ಕನ್ಸೋಲ್ ಎನ್ನುತ್ತಾರೆ. ಸೋನಿ ಕಂಪನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊ ಕಂಪನಿಯ ಸ್ವಿಚ್ ಇವುಗಳ ಹೆಸರನ್ನು ನೀವು ಕೇಳಿರುತ್ತೀರಿ. ಮೊದಲು ಇವುಗಳ ಆಟಗಳನ್ನು ಒಂದೊಂದಾಗಿ ಕೊಳ್ಳಬೇಕಿತ್ತು. ಈಗ ತಿಂಗಳ ಚಂದಾ ಕಟ್ಟಿ ನೂರಾರು ಆಟಗಳನ್ನು ಆಡುವ ಏರ್ಪಾಡು ಬಂದಿದೆ. ಈ ಚಂದಾ ಎಂಬುದು ಪೆಟ್ಟಿಗೆ ಮಾಡುವ ಕಂಪನಿಗಳ ನಡೆಯನ್ನು ಹೇಗೆ ಬದಲಿಸಿತು? ಅದರಿಂದ ನಮಗೆ ದಕ್ಕಿದ್ದೇನು, ಕೈತಪ್ಪಿದ್ದೇನು? ಇದನ್ನು ಈ ಲೇಖನದಲ್ಲಿ ನೋಡೋಣ.

ಲಾಭ ಎಲ್ಲಿಂದ?

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಒಂದು ಕನ್ಸೋಲನ್ನು ಮಾರುಕಟ್ಟೆಗೆ ತಂದಿತು. ಆಟವನ್ನು ಕಾರ್ಟ್ರಿಜ್ ಎಂಬ ಚಿಕ್ಕ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದರು. ಡಬ್ಬಿ ಬದಲಿಸಿದರೆ ಆಟ ಬದಲಾಗುತ್ತಿತ್ತು. ಪೆಟ್ಟಿಗೆಯನ್ನು ಜನ ಒಂದು ಸಲ ಕೊಂಡರು, ಡಬ್ಬಿಗಳನ್ನು ಮತ್ತೆ ಮತ್ತೆ ಕೊಂಡರು. ಹುಳುಮನೆ ಮತ್ತು ಮೊಟ್ಟೆಯ ಲೆಕ್ಕ ಇಲ್ಲಿಯೂ ಅನ್ವಯಿಸಿತು.

ಆದರೆ ಡಬ್ಬಿ ಮಾಡುವ ಕಸುಬು ಅಟಾರಿಯ ಕೈಯಲ್ಲೇ ಉಳಿಯಲಿಲ್ಲ. ತಮ್ಮ ದುಡಿಮೆಗೆ ತಕ್ಕ ಹೆಸರೂ ಹಣವೂ ಸಿಗುತ್ತಿಲ್ಲವೆಂದು ಬೇಸತ್ತ ಅಟಾರಿಯ ನಾಲ್ವರು ಪ್ರೋಗ್ರಾಮರ್‌ಗಳು ಹೊರಬಂದರು. 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿ ಹುಟ್ಟಿತು. ಅಟಾರಿಯ ಪೆಟ್ಟಿಗೆಗೆ ತಾನೇ ಆಟ ಮಾಡಿ ಮಾರತೊಡಗಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಅದು ಮತ್ತೆ ಬರುತ್ತದೆ. ಆಕ್ಟಿವಿಷನ್‌ನ ಬೆನ್ನಿಗೆ ಅನೇಕರು ಇಳಿದರು. ಕಳಪೆ ಆಟಗಳು ಅಂಗಡಿಗಳನ್ನು ತುಂಬಿದವು. 1983ರ ಹೊತ್ತಿಗೆ ಅಮೆರಿಕದ ಆಟದ ಮಾರುಕಟ್ಟೆಯೇ ಕುಸಿಯಿತು.

ಇದರಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಆಟದ ಎಲೆಗಳನ್ನು ಮಾಡುವ ಕಂಪನಿಯಾಗಿ ಶುರುವಾದ ಅದು 1983ರಲ್ಲಿ ಜಪಾನಿನಲ್ಲಿ, 1985ರಲ್ಲಿ ಅಮೆರಿಕದಲ್ಲಿ ತನ್ನ ಕನ್ಸೋಲನ್ನು ತಂದಿತು. ಅಮೆರಿಕಕ್ಕೆ ಕಳಿಸಿದ ಪೆಟ್ಟಿಗೆಯೊಳಗೆ ಬೀಗದಂತೆ ಕೆಲಸ ಮಾಡುವ ಒಂದು ಚಿಪ್ಪನ್ನು ಇರಿಸಿತು. ನಿಂಟೆಂಡೊ ಒಪ್ಪಿಗೆ ಇಲ್ಲದ ಡಬ್ಬಿ ಆ ಪೆಟ್ಟಿಗೆಯಲ್ಲಿ ಓಡದು. ಆಟ ಮಾಡುವವರು ಪರವಾನಗಿ ಪಡೆಯಬೇಕು, ಪ್ರತಿ ಡಬ್ಬಿಗೂ ನಿಂಟೆಂಡೊಗೆ ಹಣ ಕಟ್ಟಬೇಕು. ಅಂದಿನಿಂದ ಇದೇ ಉದ್ಯಮದ ಕಟ್ಟಳೆಯಾಯಿತು. ಕನ್ಸೋಲ್ ಕಂಪನಿ ಕೇವಲ ಯಂತ್ರ ಮಾರುವ ಅಂಗಡಿಯಾಗಿ ಉಳಿಯದೆ ಸುಂಕದ ಕಟ್ಟೆಯಾಯಿತು. ಇಂದು ಡಿಜಿಟಲ್ ಅಂಗಡಿಗಳಲ್ಲಿ ಬೇರೆಯವರ ಆಟ ಮಾರಾಟವಾದಾಗ ಸಾಮಾನ್ಯವಾಗಿ ನೂರಕ್ಕೆ ಮೂವತ್ತರಷ್ಟು ಪೆಟ್ಟಿಗೆಯ ಒಡೆಯನಿಗೆ ಸಲ್ಲುತ್ತದೆ.

ಸುಂಕ ಬರುವುದಾದರೆ ಪೆಟ್ಟಿಗೆಯನ್ನು ನಷ್ಟಕ್ಕೆ ಮಾರಿದರೂ ನಡೆಯುತ್ತದೆ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಅನ್ನು ಸೋನಿ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿತು. ಎಕ್ಸ್‌ಬಾಕ್ಸ್ ಪೆಟ್ಟಿಗೆಯ ಮಾರಾಟದಿಂದಲೇ ತಾನು ಎಂದೂ ಲಾಭ ಕಂಡಿಲ್ಲವೆಂದು ಮೈಕ್ರೋಸಾಫ್ಟ್ 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮುಂದೆ ಹೇಳಿತು.

ತಂತಿಯಲ್ಲಿ ಬಂದ ಆಟ

ಚಂದಾ ಕಟ್ಟಿ ಆಡುವುದು ಇತ್ತೀಚಿನ ಆವಿಷ್ಕಾರವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅದರ ಮೊದಲ ಪ್ರಯೋಗಗಳು ನಡೆದದ್ದು ಟೆಲಿವಿಷನ್ನಿನ ತಂತಿಯ ಮೇಲೆ. ಕಾರ್ಯಕ್ರಮ ತಯಾರಿಸುವ ನನ್ನಂಥವರಿಗೆ ಈ ಭಾಗ ವಿಶೇಷ ಕುತೂಹಲದ್ದು.

1981ರಲ್ಲಿ ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿಯ ಇಂಟೆಲಿವಿಷನ್ ಎಂಬ ಕನ್ಸೋಲಿಗೆ ಪ್ಲೇಕೇಬಲ್ ಎಂಬ ಸೇವೆ ಶುರುವಾಯಿತು. ಡಬ್ಬಿ ಇಡುವ ಜಾಗದಲ್ಲಿ ಒಂದು ಅಡಾಪ್ಟರ್. ಅದಕ್ಕೆ ಕೇಬಲ್ ಟಿ.ವಿ.ಯ ತಂತಿ. ಕೇಬಲ್ ಕೇಂದ್ರದಿಂದ ಆಟಗಳ ಸಂಕೇತಗಳು ಒಂದರ ಹಿಂದೆ ಒಂದರಂತೆ ಸುತ್ತು ಹಾಕುತ್ತಿದ್ದವು. ಜಾತ್ರೆಯ ತೊಟ್ಟಿಲು ತಿರುಗುವಾಗ ನಮ್ಮ ತೊಟ್ಟಿಲು ಬಂದ ಕೂಡಲೇ ಏರಿದ ಹಾಗೆ, ನೀವು ಆರಿಸಿದ ಆಟದ ಸರದಿ ಬಂದಾಗ ಅಡಾಪ್ಟರ್ ಅದನ್ನು ಹಿಡಿದು ತನ್ನ ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ವಿದ್ಯುತ್ ಆರಿಸಿದರೆ ಆಟ ಮಾಯ. ಹೊಸ ಆಟಗಳು ದೊಡ್ಡದಾದಂತೆ ಆ ಅಡಾಪ್ಟರಿನ ಪುಟ್ಟ ನೆನಪು ಸಾಲದಾಯಿತು. ಮಾರುಕಟ್ಟೆಯ ಕುಸಿತದೊಡನೆ ಸೇವೆಯೂ ನಿಂತುಹೋಯಿತು.

1994ರ ಡಿಸೆಂಬರಿನಲ್ಲಿ ಸೇಗಾ ಕಂಪನಿ ಅಮೆರಿಕದ ಎರಡು ದೊಡ್ಡ ಕೇಬಲ್ ಸಂಸ್ಥೆಗಳ ಜೊತೆಗೂಡಿ ಸೇಗಾ ಚಾನೆಲ್ ಆರಂಭಿಸಿತು. ತಿಂಗಳಿಗೆ ಸುಮಾರು 15 ಡಾಲರ್ ಚಂದಾ, ಒಂದು ಸಲಕ್ಕೆ ಐವತ್ತರಷ್ಟು ಆಟಗಳು, ನಿಗದಿತವಾಗಿ ಬದಲಾಗುವ ಪಟ್ಟಿ. ಉಚ್ಛ್ರಾಯದಲ್ಲಿ ಚಂದಾದಾರರು ಸುಮಾರು 2.5 ಲಕ್ಷ. ಆದರೆ ಆ ಕನ್ಸೋಲಿನ ಕಾಲವೇ ಮುಗಿಯುತ್ತ ಬಂದಿತ್ತು. 1998ರಲ್ಲಿ ಚಾನೆಲ್ ಮುಚ್ಚಿತು. ಅತ್ತ ಜಪಾನಿನಲ್ಲಿ ನಿಂಟೆಂಡೊ 1995ರಲ್ಲಿ ಉಪಗ್ರಹದ ಮೂಲಕ ಆಟಗಳನ್ನು ಪ್ರಸಾರ ಮಾಡಿತು. ಕೆಲವು ಆಟಗಳನ್ನು ನಿಗದಿತ ವೇಳೆಯಲ್ಲೇ ಆಡಬೇಕಿತ್ತು. ಆಡುವಾಗ ಪ್ರಸಾರ ಕೇಂದ್ರದಿಂದ ದನಿಯೂ ಸಂಗೀತವೂ ಕೇಳಿಬರುತ್ತಿತ್ತು. ಸಂಜೆಯ ಚಿತ್ರಮಂಜರಿಗೆ ಕಾದು ಕುಳಿತಂತೆ ಮಕ್ಕಳು ಆಟದ ಹೊತ್ತಿಗೆ ಕಾದು ಕೂರುತ್ತಿದ್ದ ಕಾಲ ಅದು. 2000ದಲ್ಲಿ ಅದೂ ನಿಂತಿತು.

ಇದೇ 1990ರ ದಶಕದಲ್ಲಿ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಏನು ನಡೆದಿತ್ತು? ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ತಂತಿ ಹಾಯುತ್ತಿತ್ತು. ನಿಂಟೆಂಡೊ ಪೆಟ್ಟಿಗೆಯನ್ನು ಅನುಕರಿಸಿದ ಅಗ್ಗದ 'ಟಿ.ವಿ. ಗೇಮ್'ಗಳು ಬಂದಿದ್ದವು. ಸೇಗಾ ಕಂಪನಿಯ ಅಸಲಿ ಕನ್ಸೋಲ್ ದಶಕದ ನಡುವೆ ಭಾರತಕ್ಕೆ ಬಂದಾಗ ಅದರ ಬೆಲೆ 18,000 ರೂಪಾಯಿಯಷ್ಟಿತ್ತು. ಆಮದು ಸುಂಕದ ಹೊರೆ ಅಷ್ಟು ಭಾರವಾಗಿತ್ತು. ಆದ್ದರಿಂದ ಮಕ್ಕಳು ವೀಡಿಯೋ ಗೇಮ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡಿದರು. ಹಬ್ಬಕ್ಕೆ ವಿ.ಸಿ.ಆರ್. ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡಿದ ಹಿರಿಯರ ಮಕ್ಕಳಿಗೆ ಈ ಬಾಡಿಗೆ ವಿಚಿತ್ರವೆನಿಸಲಿಲ್ಲ. ಕೊಳ್ಳಲಾಗದ್ದನ್ನು ಬಾಡಿಗೆಗೆ ಪಡೆಯುವುದು ನಮ್ಮಲ್ಲಿ ಹಳೆಯ ರೂಢಿ.

ಚಂದಾ ಬೇರೂರಿದ ಬಗೆ

ಅಂತರ್ಜಾಲದ ವೇಗ ಹೆಚ್ಚಿದ ಮೇಲೆ ಚಂದಾಕ್ಕೆ ಎರಡನೆಯ ಜನ್ಮ ಬಂತು. 2001ರಲ್ಲಿ ಕನ್ಸೋಲ್ ಕಣಕ್ಕೆ ಇಳಿದ ಮೈಕ್ರೋಸಾಫ್ಟ್ ಮರುವರ್ಷವೇ ಎಕ್ಸ್‌ಬಾಕ್ಸ್ ಲೈವ್ ಆರಂಭಿಸಿತು. ವರ್ಷಕ್ಕೆ 50 ಡಾಲರ್ ಕೊಟ್ಟರೆ ದೂರದ ಗೆಳೆಯರೊಡನೆ ಆಡಬಹುದಿತ್ತು. ಇಲ್ಲಿ ಚಂದಾ ಆಟಕ್ಕಲ್ಲ, ಜೊತೆಗಾರರಿಗೆ. 2010ರಲ್ಲಿ ಸೋನಿ ಪ್ಲೇಸ್ಟೇಷನ್ ಪ್ಲಸ್ ತಂದಿತು. ಮುಂದೆ ಅದು ಪ್ರತಿ ತಿಂಗಳೂ ಕೆಲವು ಆಟಗಳನ್ನು ಚಂದಾದಾರರಿಗೆ ಕೊಡತೊಡಗಿತು. ಚಂದಾ ಇರುವತನಕ ಆಡಬಹುದು. ನಿಲ್ಲಿಸಿದರೆ ಆಟ ಬೀಗ ಹಾಕಿಕೊಳ್ಳುತ್ತದೆ. 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಬಹುತೇಕ ಆಟಗಳನ್ನು ಇತರರೊಡನೆ ಅಂತರ್ಜಾಲದಲ್ಲಿ ಆಡಲು ಈ ಚಂದಾ ಕಡ್ಡಾಯವಾಯಿತು.

ಅದೇ 2013ರ ಇನ್ನೊಂದು ಘಟನೆಯನ್ನು ನೀವು ಗಮನಿಸಬೇಕು. ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸಿದಾಗ ಎರಡು ಷರತ್ತು ಹಾಕಿತು: ಪೆಟ್ಟಿಗೆ 24 ಗಂಟೆಗೊಮ್ಮೆ ಅಂತರ್ಜಾಲಕ್ಕೆ ಸೇರಲೇಬೇಕು, ಕೊಂಡ ಡಿಸ್ಕನ್ನು ಬೇರೆಯವರಿಗೆ ಕೊಡುವುದಕ್ಕೂ ಮರುಮಾರಾಟಕ್ಕೂ ಕಂಪನಿಯ ಕಟ್ಟಳೆ ಇರುತ್ತದೆ. ಚಿಂತಾಮಣಿಯ ಹುಡುಗ ತಾನು ಆಡಿ ಮುಗಿಸಿದ ಡಿಸ್ಕನ್ನು ಗೌರಿಬಿದನೂರಿನ ಸೋದರಮಾವನ ಮಗನಿಗೆ ಕೊಡಬೇಕಾದರೂ ಅಮೆರಿಕದ ಒಪ್ಪಿಗೆ ಬೇಕು ಎಂದ ಹಾಗಾಯಿತು. ಆಟಗಾರರು ಕೆರಳಿದರು. ತನ್ನ ಡಿಸ್ಕನ್ನು ಯಾರಿಗೆ ಬೇಕಾದರೂ ಕೊಡಬಹುದೆಂದು ಸೋನಿ ಸಾರಿತು. ಕೆಲವೇ ವಾರಗಳಲ್ಲಿ ಮೈಕ್ರೋಸಾಫ್ಟ್ ಷರತ್ತುಗಳನ್ನು ಹಿಂತೆಗೆದುಕೊಂಡಿತು. ಆ ಪೀಳಿಗೆಯ ಪೈಪೋಟಿಯಲ್ಲಿ ಸೋನಿ ಬಹಳ ಮುಂದೆ ಹೋಯಿತು.

ಜನರು ಬಲವಂತವನ್ನು ತಿರಸ್ಕರಿಸಿದರು, ನಿಜ. ಆದರೆ ಅದೇ ಫಲಿತಾಂಶವನ್ನು ರಿಯಾಯಿತಿಯ ರೂಪದಲ್ಲಿ ಮುಂದಿಟ್ಟಾಗ? ನಾಲ್ಕು ವರ್ಷಗಳ ಬಳಿಕ ಅದೂ ಬಂತು.

ಒಂದು ಚಂದಾ, ನೂರು ಆಟ

2017ರ ಜೂನ್ 1ರಂದು ಮೈಕ್ರೋಸಾಫ್ಟ್ ಗೇಮ್ ಪಾಸ್ ಎಂಬ ಸೇವೆ ಆರಂಭಿಸಿತು. ತಿಂಗಳಿಗೆ 10 ಡಾಲರ್, ನೂರಕ್ಕೂ ಹೆಚ್ಚು ಆಟಗಳು. ಪೆಟ್ಟಿಗೆಗಳ ಮಾರಾಟದಲ್ಲಿ ಹಿಂದೆ ಬಿದ್ದ ಕಂಪನಿಗೆ ಆಟದ ನಿಯಮವನ್ನೇ ಬದಲಿಸುವ ಅಗತ್ಯವಿತ್ತು. 2018ರ ಜನವರಿಯಲ್ಲಿ ಅದು ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು: ತಾನು ತಯಾರಿಸುವ ಹೊಸ ಆಟಗಳೆಲ್ಲ ಬಿಡುಗಡೆಯ ದಿನವೇ ಚಂದಾದಾರರಿಗೆ ಸಿಗುತ್ತವೆ ಎಂದಿತು. 60 ಡಾಲರಿಗೆ ಮಾರುವ ಆಟ 10 ಡಾಲರಿನ ಚಂದಾದಲ್ಲಿ! ಹೊಸ ಸಿನಿಮಾ ಥಿಯೇಟರಿಗೆ ಬಂದ ದಿನವೇ ಮನೆಯ ಟಿ.ವಿ.ಯಲ್ಲೂ ತೋರಿಸಿದ ಹಾಗೆ.

ಈ ಒಂದು ತೀರ್ಮಾನ ಕಂಪನಿಯ ಉಳಿದೆಲ್ಲ ನಡೆಗಳನ್ನೂ ಎಳೆದು ತಂದಿತು. ಹೇಗೆಂದು ನೋಡಿ.

ಮೊದಲನೆಯದು, ಆಟಗಳ ಹಸಿವು. ಚಂದಾದಾರ ಪ್ರತಿ ತಿಂಗಳೂ ಉಳಿಯಬೇಕಾದರೆ ಪ್ರತಿ ತಿಂಗಳೂ ಹೊಸದು ಬೇಕು. ಪರರ ಆಟಗಳಿಗೆ ಸದಾ ಹಣ ಕೊಡುವುದಕ್ಕಿಂತ ಆಟ ಮಾಡುವವರನ್ನೇ ಕೊಳ್ಳುವುದು ಮೇಲು ಎಂಬ ಲೆಕ್ಕ ಹುಟ್ಟಿತು. 2021ರಲ್ಲಿ 750 ಕೋಟಿ ಡಾಲರ್ ಕೊಟ್ಟು ಬೆಥೆಸ್ಡಾದ ಒಡೆತನವಿದ್ದ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. 2023ರ ಅಕ್ಟೋಬರ್ 13ರಂದು ಸುಮಾರು 6,870 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನೂ ಕೊಂಡಿತು. ಹೌದು, ಪೆಟ್ಟಿಗೆಯ ಒಡೆಯನಿಂದ ಬಿಡುಗಡೆ ಬಯಸಿ 1979ರಲ್ಲಿ ಹುಟ್ಟಿದ ಅದೇ ಆಕ್ಟಿವಿಷನ್, 44 ವರ್ಷಗಳ ಬಳಿಕ ಇನ್ನೊಬ್ಬ ಪೆಟ್ಟಿಗೆಯ ಒಡೆಯನ ಮನೆ ಸೇರಿತು.

ಎರಡನೆಯದು, ಪೆಟ್ಟಿಗೆಯ ಮಹತ್ವ ಕುಗ್ಗಿದ್ದು. ಹಣ ಬರುವುದು ಚಂದಾದಿಂದ ಎಂದ ಮೇಲೆ ಆಡುವವನ ಮುಂದೆ ಯಾವ ಯಂತ್ರವಿದ್ದರೇನು? 2019ರಲ್ಲಿ ಗೇಮ್ ಪಾಸ್ ಮನೆಯ ಗಣಕಗಳಿಗೂ ಬಂತು. 2020ರಲ್ಲಿ ಕಂಪನಿಯ ಗಣಕ ಕೇಂದ್ರದಲ್ಲೇ ಆಟ ಓಡಿಸಿ, ಚಿತ್ರವನ್ನು ಮಾತ್ರ ಮೊಬೈಲಿಗೆ ಕಳಿಸುವ ಏರ್ಪಾಡು ಕೆಲವು ದೇಶಗಳಲ್ಲಿ ಆರಂಭವಾಯಿತು. 2024ರಿಂದ ಮೈಕ್ರೋಸಾಫ್ಟ್ ತನ್ನ ಇನ್ನಷ್ಟು ಆಟಗಳನ್ನು ಎದುರಾಳಿಗಳ ಪೆಟ್ಟಿಗೆಗಳಿಗೂ ಮಾರತೊಡಗಿತು. 2025ರಲ್ಲಿ ಫೋರ್ಜಾ ಹೊರೈಜನ್ 5 ಎಂಬ ಕಾರು ಓಟದ ಆಟ ಪ್ಲೇಸ್ಟೇಷನ್ 5ಕ್ಕೂ ಬಂತು. ಹತ್ತು ವರ್ಷಗಳ ಹಿಂದೆ ಇದನ್ನು ಯಾರೂ ನಂಬುತ್ತಿರಲಿಲ್ಲ.

ಮೂರನೆಯದು, ದರ. ಚಂದಾದಾರರ ಸಂಖ್ಯೆ 2022ರ ಜನವರಿಯಲ್ಲಿ 2.5 ಕೋಟಿ, 2024ರ ಫೆಬ್ರವರಿಯಲ್ಲಿ 3.4 ಕೋಟಿ ಎಂದು ಕಂಪನಿ ಪ್ರಕಟಿಸಿತು. 2025ರ ಆರ್ಥಿಕ ವರ್ಷದಲ್ಲಿ ಈ ಸೇವೆಯ ಆದಾಯ 500 ಕೋಟಿ ಡಾಲರಿನ ಸಮೀಪಕ್ಕೆ ಬಂತು. ಆದರೆ ಸಂಖ್ಯೆ ಏರುವ ವೇಗ ತಗ್ಗಿದಾಗ ಆದಾಯ ಹೆಚ್ಚಿಸಲು ಉಳಿಯುವ ದಾರಿ ಒಂದೇ. ಅಮೆರಿಕದಲ್ಲಿ 2019ರಲ್ಲಿ ತಿಂಗಳಿಗೆ 15 ಡಾಲರ್ ಇದ್ದ ಮೇಲ್ದರ್ಜೆಯ ಚಂದಾ 2025ರ ಅಕ್ಟೋಬರಿನಲ್ಲಿ 30 ಡಾಲರಿಗೆ ಏರಿತು. ಆರು ವರ್ಷದಲ್ಲಿ ಎರಡರಷ್ಟು.

ಆಟ ಮಾಡುವವರ ಪಾಡೇನು? ಬಿಡಿಯಾಗಿ ಮಾರುವಾಗ ಎಷ್ಟು ಪ್ರತಿ ಹೋಯಿತೆಂಬುದೇ ಅಳತೆ. ಚಂದಾದ ಲೆಕ್ಕದಲ್ಲಿ, ಈ ಆಟದಿಂದಾಗಿ ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂಬುದು ಅಳತೆ. ಅದು ಒಡೆಯನ ಪುಸ್ತಕದಲ್ಲಷ್ಟೇ ಕಾಣುತ್ತದೆ. 2023ರ ಜನವರಿಯಲ್ಲಿ ಹೈ-ಫೈ ರಶ್ ಎಂಬ ಆಟ ಬಿಡುಗಡೆಯ ದಿನವೇ ಗೇಮ್ ಪಾಸ್‌ಗೆ ಬಂದು ಮೆಚ್ಚುಗೆ ಗಳಿಸಿತು. 2024ರ ಮೇ ತಿಂಗಳಲ್ಲಿ ಅದನ್ನು ಮಾಡಿದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಅನ್ನು ಮುಚ್ಚುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಅದಕ್ಕೆ ಚಂದಾವೊಂದೇ ಕಾರಣ ಎನ್ನಲಾಗದು. ಆದರೆ ಮೆಚ್ಚುಗೆಯೇ ಉಳಿವಿಗೆ ಸಾಕಾಗದು ಎಂಬುದು ಎಲ್ಲರಿಗೂ ಕಂಡಿತು. ಅದೇ ವರ್ಷ ಕೊರಿಯಾದ ಕಂಪನಿಯೊಂದು ಆ ತಂಡವನ್ನು ತನ್ನದಾಗಿಸಿಕೊಂಡಿತು.

ಎದುರಾಳಿಗಳ ಬೇರೆ ದಾರಿ

ಎಲ್ಲರೂ ಮೈಕ್ರೋಸಾಫ್ಟಿನ ದಾರಿ ಹಿಡಿಯಲಿಲ್ಲ. 2022ರಲ್ಲಿ ಸೋನಿ ತನ್ನ ಸೇವೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ನೂರಾರು ಆಟಗಳನ್ನು ಸೇರಿಸಿತು. ಆದರೆ ತನ್ನ ದುಬಾರಿ ಹೊಸ ಆಟಗಳನ್ನು ಮೊದಲ ದಿನವೇ ಚಂದಾಕ್ಕೆ ಕೊಡಲು ಒಪ್ಪಲಿಲ್ಲ. ಹಾಗೆ ಮಾಡಿದರೆ ಮುಂದಿನ ಆಟಕ್ಕೆ ಹೂಡುವ ಬಂಡವಾಳವೇ ಬತ್ತಿಹೋಗುತ್ತದೆಂಬುದು ಅದರ ವಾದ. ಆಟ ಮೊದಲು ಪೂರ್ತಿ ಬೆಲೆಗೆ ಮಾರಾಟವಾಗಲಿ, ಹಳತಾದ ಮೇಲೆ ಚಂದಾಕ್ಕೆ ಬರಲಿ ಎಂಬ ಕ್ರಮ. 2023ರ ಮಾರ್ಚ್ ಕೊನೆಗೆ ಅದರ ಚಂದಾದಾರರು 4.74 ಕೋಟಿ.

ನಿಂಟೆಂಡೊ ಇನ್ನೂ ಎಚ್ಚರಿಕೆಯ ಗಿರಾಕಿ. ಅದು ಪೆಟ್ಟಿಗೆಯನ್ನು ಸಾಮಾನ್ಯವಾಗಿ ಲಾಭಕ್ಕೇ ಮಾರುತ್ತದೆ. 2018ರಲ್ಲಿ ಅದು ತಂದ ಚಂದಾ ಅಮೆರಿಕದಲ್ಲಿ ವರ್ಷಕ್ಕೆ ಕೇವಲ 20 ಡಾಲರ್. ಅದರೊಡನೆ ಕೊಡುವುದು 1980-90ರ ದಶಕಗಳ ಹಳೆಯ ಆಟಗಳನ್ನು. ಹೊಸ ಮಾರಿಯೋ ಬೇಕಾದರೆ ಪೂರ್ತಿ ಬೆಲೆ ಕೊಡಬೇಕು. ಅಜ್ಜಿಯ ಕಾಲದ ಒಡವೆಯನ್ನು ಬಾಡಿಗೆಗೆ ಬಿಟ್ಟು, ಹೊಸ ಒಡವೆಯನ್ನು ಮಾರಾಟಕ್ಕೇ ಇಟ್ಟ ಅಕ್ಕಸಾಲಿಗನ ಜಾಣತನ ಇದು. ಅದರ ಚಂದಾದಾರರೂ 2023ರಲ್ಲಿ 3.8 ಕೋಟಿ ದಾಟಿದ್ದರು.

ಪೆಟ್ಟಿಗೆಯೇ ಬೇಡವೆಂದು ಹೊರಟವರೂ ಇದ್ದರು. 2019ರ ನವೆಂಬರಿನಲ್ಲಿ ಗೂಗಲ್ ಸ್ಟೇಡಿಯಾ ಎಂಬ ಸೇವೆ ಆರಂಭಿಸಿತು. ಆಟವೆಲ್ಲ ಗೂಗಲ್‌ನ ಗಣಕಗಳಲ್ಲೇ ಓಡುತ್ತಿತ್ತು. ಆದರೆ ಅಲ್ಲಿ ಅನೇಕ ಆಟಗಳನ್ನು ಬಿಡಿಯಾಗಿಯೂ ಕೊಳ್ಳಬೇಕಿತ್ತು, ಆಡಲು ಸಿಗುವ ಆಟಗಳೂ ಕಡಿಮೆ. 2023ರ ಜನವರಿ 18ರಂದು ಅದು ಮುಚ್ಚಿತು. ಗೂಗಲ್ ತಾನು ಮಾರಿದ ಯಂತ್ರ ಮತ್ತು ಆಟಗಳ ಹಣವನ್ನು ಹಿಂತಿರುಗಿಸಿತು. ಹಣ ಮರಳಿತು, ಆಟ ಮರಳಲಿಲ್ಲ.

ನಮ್ಮ ಊರಿನ ಲೆಕ್ಕ

ಈಗ ಈ ಲೆಕ್ಕವನ್ನು ನಮ್ಮ ಜಿಲ್ಲೆಗೆ ತರೋಣ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಡಿಸ್ಕ್ ಇರುವ ಪೆಟ್ಟಿಗೆಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990 ರೂಪಾಯಿ. ಹತ್ತು ಸಾವಿರ ಕಡಿಮೆ ಎಂದು ಹಿಗ್ಗಬೇಡಿ. ಡಿಸ್ಕ್ ಇಲ್ಲದ ಪೆಟ್ಟಿಗೆಯವನು ಹಳೆಯ ಆಟ ಕೊಳ್ಳಲಾರ, ಆಡಿದ್ದನ್ನು ಮಾರಲಾರ, ಗೆಳೆಯನಿಂದ ಎರವಲು ತರಲಾರ. ಕಂಪನಿಯ ಅಂಗಡಿ ಬಿಟ್ಟರೆ ಅವನಿಗೆ ಬೇರೆ ಅಂಗಡಿ ಇಲ್ಲ. ಆ ಹತ್ತು ಸಾವಿರದ ರಿಯಾಯಿತಿಯ ಬೆಲೆ ಅದು.

2022ರಲ್ಲಿ ಸೋನಿಯ ಮಧ್ಯಮ ದರ್ಜೆಯ ಚಂದಾ ಭಾರತದಲ್ಲಿ ತಿಂಗಳಿಗೆ 749 ರೂಪಾಯಿ ಇತ್ತು. ತಿಂಗಳ ಲೆಕ್ಕದಲ್ಲೇ ಕಟ್ಟಿದರೆ ವರ್ಷಕ್ಕೆ 8,988, ಐದು ವರ್ಷಕ್ಕೆ 44,940 ರೂಪಾಯಿ. ಅಂದರೆ ಇನ್ನೊಂದು ಪೆಟ್ಟಿಗೆಯ ಬೆಲೆಗೆ ಹತ್ತಿರ. ವರ್ಷಕ್ಕೊಮ್ಮೆ ಕಟ್ಟುವವರಿಗೆ ಇದಕ್ಕಿಂತ ಕಡಿಮೆಯಾಗುತ್ತಿತ್ತು. ಹಾಗೆಯೇ, ಅಷ್ಟೇ ಹಣಕ್ಕೆ ಬಿಡಿಯಾಗಿ ಕೊಂಡರೆ ಕೆಲವೇ ಆಟಗಳು ಬರುತ್ತವೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಹಲವು ಆಟಗಳ ರುಚಿ ನೋಡುವ ವಿದ್ಯಾರ್ಥಿಗೆ ಚಂದಾ ಲಾಭದ್ದೇ. ವರ್ಷವೆಲ್ಲ ಒಂದೇ ಕ್ರಿಕೆಟ್ ಆಟ ಆಡುವವನಿಗೆ ನಷ್ಟದ್ದು.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದಿಲ್ಲ. ಇಂದಿನ ದೊಡ್ಡ ಆಟವೊಂದು 100 ಜಿ.ಬಿ. ಇರುವುದು ಅಪರೂಪವಲ್ಲ. ಗೌರಿಬಿದನೂರಿನ ಹಳ್ಳಿಯೊಂದರ ವಿದ್ಯಾರ್ಥಿಗೆ ದಿನಕ್ಕೆ 2 ಜಿ.ಬಿ. ಸಿಗುವ ಮೊಬೈಲ್ ಯೋಜನೆ ಮಾತ್ರ ಇದೆ ಎಂದುಕೊಳ್ಳಿ. ಬೇರೇನಕ್ಕೂ ಬಳಸದಿದ್ದರೂ ಆ ಆಟ ಇಳಿಯಲು 50 ದಿನ ಬೇಕು. ಅಷ್ಟರಲ್ಲಿ ಒಂದೂವರೆ ತಿಂಗಳ ಚಂದಾ ಕರಗಿರುತ್ತದೆ! ಚಿಕ್ಕಬಳ್ಳಾಪುರದ ಮನೆಯೊಂದಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ವೇಗದ ಫೈಬರ್ ಇದ್ದರೆ ಅದೇ ಆಟಕ್ಕೆ ಐದೂವರೆ ಗಂಟೆ ಸಾಕು. ಒಂದೇ ಚಂದಾ, ಒಂದೇ ಜಿಲ್ಲೆ. ಸಿಗುವ ಸೇವೆ ಮಾತ್ರ ಬೇರೆ ಬೇರೆ. ಡಿಸ್ಕ್ ಆದರೆ ಬಸ್ಸಿನಲ್ಲಿ ಬರುತ್ತದೆ. ಚಂದಾ ಬರುವುದು ತಂತಿ ಇದ್ದಲ್ಲಿಗೆ ಮಾತ್ರ.

ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಟ್ಟು ತಿಂಗಳ ಹಣದಲ್ಲಿ ಗಳಿಸುವ ಉಪಾಯ ನಮ್ಮ ಮನೆಗಳಿಗೆ ಬೇರೆ ರೂಪದಲ್ಲಿ ಆಗಲೇ ಬಂದಿದೆ. ಗೇಮ್ ಪಾಸ್ ಹುಟ್ಟಿದ 2017ರಲ್ಲೇ 1,500 ರೂಪಾಯಿ ಮರಳಿಸುವ ಠೇವಣಿಗೆ ಜಿಯೋಫೋನ್ ಬಂತು. ಇದಕ್ಕೆ ಎದುರಾದ ಉದಾಹರಣೆಯೂ ನಮ್ಮಲ್ಲಿದೆ. 2004ರ ಡಿಸೆಂಬರಿನಲ್ಲಿ ದೂರದರ್ಶನ ಆರಂಭಿಸಿದ ನೇರ ಉಪಗ್ರಹ ಸೇವೆ, ಇಂದಿನ ಡಿಡಿ ಫ್ರೀ ಡಿಶ್. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರಾಯಿತು, ತಿಂಗಳ ಚಂದಾ ಇಲ್ಲ. ಎರಡೂ ಮಾದರಿಗಳು ಸಾಧ್ಯ. ಯಾವುದನ್ನು ಆರಿಸುತ್ತಾರೆಂಬುದು ನಡೆಸುವವರ ಉದ್ದೇಶದ ಮೇಲೆ ನಿಂತಿದೆ.

ಈ ಉದ್ಯಮ ನಮಗೆ ಕೇವಲ ಆಡುವ ಸಂಗತಿಯೂ ಅಲ್ಲ, ದುಡಿಮೆಯ ಸಂಗತಿಯೂ ಹೌದು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಸ್ಥಾಪಿಸಿದರು. ಆಟ ತಯಾರಿಸುವ ಭಾರತದ ಮೊದಲ ಕಂಪನಿಗಳಲ್ಲಿ ಅದು ಒಂದು. ಮೈಕ್ರೋಸಾಫ್ಟಿನ ಫೋರ್ಜಾ ಸರಣಿಯಂಥ ಹೆಸರಾಂತ ಆಟಗಳಿಗೆ ಚಿತ್ರಕಲೆಯ ಕೆಲಸ ಅಲ್ಲಿ ನಡೆಯಿತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರಿನ ಶಾಖೆಗೆ ಸೇರಿಸಿಕೊಂಡಿತು. 2012ರಲ್ಲೇ ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದು ಪ್ರತ್ಯೇಕ ನೀತಿ ರೂಪಿಸಿತ್ತು. ನಿಮ್ಮಲ್ಲಿ ಕೆಲವರು ನಾಳೆ ರೈಲು ಹತ್ತಿ ಹೋಗಿ ಸೇರುವುದು ಇಂಥದೇ ಕಚೇರಿಗಳಿಗೆ. ಆಟಕ್ಕೆ ಹಣ ಯಾವ ದಾರಿಯಿಂದ ಬರುತ್ತದೆ ಎಂಬುದು ಆಗ ನಿಮ್ಮ ಸಂಬಳದ ಪ್ರಶ್ನೆಯೂ ಆಗುತ್ತದೆ.

ಗೂಡು ಯಾರ ಕೈಯಲ್ಲಿ?

ಕೊನೆಯದಾಗಿ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಯುಬಿಸಾಫ್ಟ್ ಕಂಪನಿ 2014ರಲ್ಲಿ ದಿ ಕ್ರೂ ಎಂಬ ಆಟ ಮಾರಿತು. ಅದು ಕಂಪನಿಯ ಗಣಕಕ್ಕೆ ಸಂಪರ್ಕವಿದ್ದರೆ ಮಾತ್ರ ಓಡುವ ಆಟ. 2024ರ ಮಾರ್ಚ್ 31ರಂದು ಕಂಪನಿ ಆ ಗಣಕಗಳನ್ನು ನಿಲ್ಲಿಸಿತು. ಡಿಸ್ಕ್ ಕೊಂಡವರ ಕೈಯಲ್ಲೂ ಉಳಿದದ್ದು ಹೊಳೆಯುವ ಒಂದು ಬಿಲ್ಲೆ ಮಾತ್ರ. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಗಿರಾಕಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರವಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಅಂಗಡಿಗಳು 'ಕೊಳ್ಳಿ' ಎಂಬ ಮಾತನ್ನು ಬಳಸುವಂತಿಲ್ಲ. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ಒಂದು ಕ್ರಿಯಾಪದದ ಅರ್ಥವನ್ನು ಕಾಪಾಡಲು ಶಾಸನವೇ ಬೇಕಾಯಿತು.

ಚಂದಾ ಗ್ರಂಥಾಲಯದಂತೆ ಅಲ್ಲವೇ ಎಂದು ನೀವು ಕೇಳಬಹುದು. ಹೋಲಿಕೆ ಅರ್ಧ ಸರಿ. 1965ರ ಕಾನೂನಿನಂತೆ ನಡೆಯುವ ನಮ್ಮ ಸಾರ್ವಜನಿಕ ಗ್ರಂಥಾಲಯಗಳು ನಾವು ಕಟ್ಟುವ ಗ್ರಂಥಾಲಯ ಕರದಿಂದ ಪುಸ್ತಕ ಕೊಳ್ಳುತ್ತವೆ. ಆ ಪ್ರತಿ ಗ್ರಂಥಾಲಯದ್ದು. ಪ್ರಕಾಶಕರು ನಾಳೆ ಅಂಗಡಿ ಮುಚ್ಚಿದರೂ ಚಿಕ್ಕಬಳ್ಳಾಪುರದ ಕಪಾಟಿನಿಂದ ಪುಸ್ತಕ ಎದ್ದುಹೋಗುವುದಿಲ್ಲ. ಗೇಮ್ ಪಾಸ್‌ನ ಕಪಾಟಿನಿಂದ ಒಪ್ಪಂದ ಮುಗಿದ ಆಟಗಳು ಆಗಾಗ ಎದ್ದುಹೋಗುತ್ತವೆ.

ಈಗ ಶಿಡ್ಲಘಟ್ಟದ ಹುಳುಮನೆಗೆ ಮರಳೋಣ. ರೈತ ಪ್ರತಿ ಬೆಳೆಗೂ ಮೊಟ್ಟೆಗೆ ಹಣ ಕೊಡುತ್ತಾನೆ, ಅದನ್ನು ತಪ್ಪಿಸಿಕೊಳ್ಳಲಾರ. ಆದರೆ ಬೆಳೆ ಬಂದಾಗ ಚಂದ್ರಿಕೆಯಿಂದ ಬಿಡಿಸಿದ ಗೂಡು ಅವನದು. ಅದನ್ನು ಮಾರುಕಟ್ಟೆಗೆ ಒಯ್ದು ಹರಾಜಿಗೆ ಇಡುತ್ತಾನೆ. ಮುಂದಿನ ಬೆಳೆಗೆ ಮೊಟ್ಟೆ ಕೊಳ್ಳದಿದ್ದರೆ ಈ ಬೆಳೆಯ ಗೂಡನ್ನು ಯಾರೂ ವಾಪಸು ಕೇಳುವುದಿಲ್ಲ. ಚಂದಾದಾರನ ಸ್ಥಿತಿ ಹಾಗಲ್ಲ. ಐದು ವರ್ಷ ಕಟ್ಟಿ ಆರನೆಯ ವರ್ಷ ನಿಲ್ಲಿಸಿದರೆ, ಹಿಂದಿನ ಐದು ವರ್ಷಗಳ ಆಟಗಳೂ ಬೀಗದ ಹಿಂದೆ ಹೋಗುತ್ತವೆ.

ಆಡಬೇಡಿ ಎಂದು ಹೇಳಲು ಇದನ್ನು ಬರೆದಿಲ್ಲ. ಚಂದಾ ಕಟ್ಟುವುದು ತಪ್ಪೂ ಅಲ್ಲ. ಆದರೆ ಮುಂದಿನ ಸಲ ಅಪ್ಪನ ಮುಂದೆ ಚಂದಾದ ಬೇಡಿಕೆ ಇಡುವಾಗ, ಅಥವಾ ಸ್ವಂತ ದುಡಿಮೆಯಿಂದ ಕಟ್ಟುವಾಗ, ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಈ ಹಣ ಮೊಟ್ಟೆಗೋ, ಬಾಡಿಗೆಗೋ? ಬಾಡಿಗೆ ಎಂದು ತಿಳಿದೇ ಕೊಟ್ಟರೆ ಅದು ವ್ಯವಹಾರ. ಕೊಂಡೆನೆಂದು ನಂಬಿ ಬಾಡಿಗೆ ಕಟ್ಟಿದರೆ, ಲೆಕ್ಕ ತಪ್ಪಿದ್ದು ನಮ್ಮದು.